ಮಡಿಲಕ್ಕಿ ತುಂಬಿಸಿಕೊಂಡ ಮೊಲ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಮೊಲಕ್ಕೆ ಯಾವ ಕಣ್ಣಿನಲ್ಲಿ ಪೊರೆ ಬಂದಿತ್ತು ಎಂದರೆ ನಾನು ಎಡಗಣ್ಣು ಅನ್ನುತ್ತೇನೆ, ಹೆಂಡತಿ ಬಲಗಣ್ಣು ಅನ್ನುತ್ತಾಳೆ. ಫೋಟೋ ಹುಡುಕಿದೆ, ಅದರಲ್ಲಿ ಮೊಲ ಕಣ್ಣು ಮುಚ್ಚಿಕೊಂಡಿದೆ. ಆದರೆ ಬಸವೇಶ್ವರನಗರದ ಆಂಟಿ ಏನೆಂದರು ಎಂಬುದರಲ್ಲಿ ಅನುಮಾನವಿಲ್ಲ. ಅವರ ವಾಯ್ಸ್ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ.

"ಸಾರ್, ಮೊಲ, ಗಿನಿಪಿಗ್ಗಿಗೆಲ್ಲ ಮನೆ ಹುಡುಕಿಕೊಡೋರು ನೀವೇ ಅಂತೆ. ನಮ್ದು ಮರಿ ಅಲ್ಲ, ಮುದುಕಿ. ಯಾರೂ ತಗೊಳಲ್ಲ ಬಿಡಿ. ಭಾನುವಾರ ಕೆಂಗೇರಿ ಆಚೆ ಗುಡ್ಡದ ಹತ್ರ ಬಿಟ್ಟು ಬರ್ತೀವಿ. ಸುಮ್ನೆ ಹೇಳೋಣ ಅಂತ."

ಬಿಡುವುದು ಅಷ್ಟು ಖಚಿತವಾಗಿದ್ದರೆ ನನಗೆ ಯಾಕೆ ಹೇಳಬೇಕಿತ್ತು? ಮಾರೇನಹಳ್ಳಿಯಿಂದ ಸ್ಕೂಟರ್ ಹತ್ತಿ ಆಗಲೇ ಹೊರಟೆ.

ಅವರ ಹಳೆ ಮನೆ ಕೆಡವಿ ಹೊಸದು ಕಟ್ಟುವುದಿತ್ತು. ಅಲ್ಲಿಯವರೆಗೆ ಇರಲು ಹಿಡಿದ ಬಾಡಿಗೆ ಮನೆಯ ಓನರ್ ಪ್ರಾಣಿ ಬೇಡ ಎಂದಿದ್ದರು. ಖಾಲಿಯಾಗುತ್ತಿದ್ದ ನಡುಮನೆಯ ಮೂಲೆಯಲ್ಲಿ ಬಿಳಿ ಹೆಣ್ಣು ಮೊಲವೊಂದು ಮೂಗು ಕುಣಿಸುತ್ತ ಕೂತಿತ್ತು.

"ಗೂಡಲ್ಲಿರೋ ಜೀವಾನ ಬಿಟ್ರೆ ಪುಣ್ಯ ಅಲ್ವಾ ಸಾರ್?" ಎಂದರು ಆಂಟಿ.

"ಪುಣ್ಯದ ವಿಷಯ ನನಗೆ ಗೊತ್ತಿಲ್ಲ ಆಂಟಿ. ನಾಯಿಗಳ ವಿಷಯ ಗೊತ್ತು. ಇದು ಗೂಡಲ್ಲೇ ಹುಟ್ಟಿದ್ದು. ಬಿಟ್ಟ ದಿನ ಸಂಜೆವರೆಗೂ ಉಳಿಯಲ್ಲ."

"ಓದಿದೋರ ಹತ್ರ ಮಾತಾಡೋಕಾಗಲ್ಲ ಬಿಡಿ." ಬಗ್ಗಿ ಮೊಲದ ಬೆನ್ನು ಸವರಿ, "ಭಾನುವಾರದೊಳಗೆ ಮನೆ ಹುಡುಕಿ. ಆ ಮನೆ ನಾನೇ ಬಂದು ನೋಡ್ಬೇಕು. ಇಲ್ಲಾಂದ್ರೆ ಕೆಂಗೇರಿನೇ" ಎಂದರು.

ನಮ್ಮ ಮನೆಗೆ ತರುವಂತಿರಲಿಲ್ಲ. ಚರ್ಮಕ್ಕೆ ಹುಳು ಹತ್ತಿದ್ದ ಗಿನಿಪಿಗ್ಗುಗಳು ಆಗ ನಮ್ಮಲ್ಲಿದ್ದವು, ಮೊಲಕ್ಕೂ ಅಂಟಬಹುದಿತ್ತು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಎಲ್ಲರಿಗೂ ಮರಿಯೇ ಬೇಕು. "ವಯಸ್ಸಾಗಿದೆ" ಎಂದ ಕೂಡಲೇ ಆ ಕಡೆ ಯಾರದೋ ಮದುವೆ, ಯಾರದೋ ಪರೀಕ್ಷೆ ನೆನಪಾಗುತ್ತಿತ್ತು. ನಾನೂ ಹಟಕ್ಕೆ ಬಿದ್ದೆ. ಬೇಡ ಎಂದವರಿಗೇ ಮತ್ತೆ ಮಾಡಿ, ಬೇಕೆನ್ನುವವರು ಗೊತ್ತಿದ್ದಾರಾ ಎಂದು ಕೇಳಿದೆ. ಹಾಗೆ ಸಿಕ್ಕವರು ಕಾಮಾಕ್ಷಿಪಾಳ್ಯದಲ್ಲಿ ಒಬ್ಬರೇ ಇದ್ದ, ನಿವೃತ್ತ ಬಸ್ ಕಂಡಕ್ಟರ್. ಹಿಂದೆ ಮೊಲ ಸಾಕಿದ್ದವರು.

"ಮುದುಕೀನೇ ಕೊಡಿ ಸಾರ್. ಮರಿ ತಂದು, ಅದು ನನಗಿಂತ ಜಾಸ್ತಿ ಬದುಕಿಬಿಟ್ರೆ ಆಮೇಲೆ ಯಾರು ನೋಡ್ತಾರೆ?"

ಶನಿವಾರ ಆಂಟಿ ಕಂಡಕ್ಟರ್ ಮನೆ ಮುಂದೆ ಆಟೋದಲ್ಲಿ ಬಂದಿಳಿದರು. ಕಂಕುಳಲ್ಲಿ ಮೊಲದ ಬುಟ್ಟಿ, ಕೈಯಲ್ಲಿ ಒಂದು ಚೀಲ. ಅಡುಗೆಮನೆ, ಕಿಟಕಿ, ಬಚ್ಚಲು ಎಲ್ಲವನ್ನೂ ಹೆಣ್ಣು ಕೊಡುವವರ ಹಾಗೆ ನೋಡಿದರು. ಆಮೇಲೆ ಚೀಲದಿಂದ ರವಿಕೆ ಕಣ ತೆಗೆದು ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ ಇಟ್ಟು ಗಂಟು ಕಟ್ಟಿ, ಬುಟ್ಟಿಯ ಪಕ್ಕದಲ್ಲಿಟ್ಟರು.

"ಮಡಿಲಕ್ಕಿ ಏನಮ್ಮಾ ಇದು?" ಕಂಡಕ್ಟರಿಗೆ ನಗು.

"ಮತ್ತೆ? ಹೆಣ್ಣು ಜೀವ, ಬರಿಗೈಲಿ ಕಳಿಸೋದಾ?"

"ಲಗೇಜ್ ಜಾಸ್ತಿ ಆಯ್ತು, ಅದಕ್ಕೂ ಟಿಕೆಟ್ ತಗೋಬೇಕು ನೋಡಿ."

ಆಂಟಿ ಕಣ್ಣೊರೆಸಿಕೊಂಡೇ ನಕ್ಕರು.

ಮಾರನೆ ದಿನ ಬೆಳಿಗ್ಗೆ ಕಂಡಕ್ಟರ್ ಫೋನ್ ಮಾಡಿದರು. ಮೊಲ ಹುಲ್ಲು ಮುಟ್ಟಿಲ್ಲ, ಹಿಕ್ಕೆ ಹಾಕಿಲ್ಲ, ಮೂಲೆಯಲ್ಲಿ ಮುದುರಿಕೊಂಡಿದೆ. ಮೊಲದ ಹೊಟ್ಟೆ ಕೆಲಸ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆಂಟಿಗೆ ಫೋನ್ ಹಚ್ಚಿ ಏನು ತಿನ್ನಿಸಿದ್ದಿರಿ ಎಂದೆ. ಅವರು ಹೆಮ್ಮೆಯಿಂದಲೇ ಹೇಳಿದರು: ಹೊರಡುವ ಮುಂಚೆ ಹೊಟ್ಟೆ ತುಂಬ ಬೆಲ್ಲ ಕಾಯಿ ಕಲಸಿದ ಅವಲಕ್ಕಿ. ಮನೆ ಮಗಳು ಹೊರಟಾಗ ಸಿಹಿ ತಿನ್ನಿಸದೆ ಕಳಿಸುತ್ತಾರಾ?

ಕಂಡಕ್ಟರೂ ನಾನೂ ಮೊಲವನ್ನು ಪ್ರಾಣಿಗಳ ಡಾಕ್ಟರ ಬಳಿ ಒಯ್ದೆವು. ಅವರು ಇಂಜೆಕ್ಷನ್ ಕೊಟ್ಟು, ಮೊಲದ ಆಹಾರದ ಪುಡಿ ನೀರಲ್ಲಿ ಕಲಸಿ ಸಿರಿಂಜಿನಲ್ಲಿ ತಿನ್ನಿಸಿ, ಹೊಟ್ಟೆ ನಯವಾಗಿ ತೀಡಿ ಎಂದರು. ವಯಸ್ಸಾಗಿದೆ, ಹೇಳುವುದಕ್ಕಾಗುವುದಿಲ್ಲ ಎಂದೂ ಸೇರಿಸಿದರು. ಕಾಮಾಕ್ಷಿಪಾಳ್ಯಕ್ಕೆ ವಾಪಸಾದಾಗ ಆಂಟಿ ಬಾಗಿಲಲ್ಲೇ ನಿಂತಿದ್ದರು. ಆ ಸಿಹಿಯೇ ಕಾರಣ ಎಂದು ಕೇಳಿ ಅವರ ಮುಖ ಕಪ್ಪಾಯಿತು.

"ನನ್ನ ಕೈಯಾರೆ ಮಾಡ್ದೆ. ಸಾಕು ಸಾರ್, ಅದಕ್ಕೆ ಹಿಂಸೆ ಕೊಡ್ಬೇಡಿ. ಅದರ ಕಾಲ ಬಂತು ಅನ್ಸುತ್ತೆ."

"ಲಾಸ್ಟ್ ಸ್ಟಾಪ್ ಅಂತ ಕೂಗೋದು ಕಂಡಕ್ಟರ್ ಕೆಲಸ. ನಾನಿನ್ನೂ ಕೂಗಿಲ್ಲ. ಟವೆಲ್ ಹಿಡ್ಕೊಳ್ಳಿ ನೀವು" ಎಂದರು ಆತ.

ಆಂಟಿ ಟವೆಲಿನಲ್ಲಿ ಸುತ್ತಿ ಹಿಡಿದರು, ನಾನು ಸಿರಿಂಜ್ ಒತ್ತಿದೆ, ಕಂಡಕ್ಟರ್ ಹೊಟ್ಟೆ ತೀಡಿದರು. ಅರ್ಧ ನುಂಗಿತು, ಅರ್ಧ ನಮ್ಮ ಬಟ್ಟೆಗೆ ಉಗುಳಿತು. ಬಿಟ್ಟು ಬಿಟ್ಟು ಮತ್ತೆ ತಿನ್ನಿಸಿದೆವು. ಎಷ್ಟು ಸಲ ಎಂದು ನಾನು ಹೇಳಲಾರೆ, ಹೇಳಿದರೆ ಅದು ನನ್ನ ಕಲ್ಪನೆಯೇ ಇರಬಹುದು. ಬಿಡಬಾರದು ಎಂಬುದೊಂದೇ ನಮ್ಮ ನಡುವೆ ಇತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಟವೆಲ್ ಮೇಲೆ ಪುಟ್ಟ ಹಿಕ್ಕೆಗಳು ಬಿದ್ದವು. ಮೊದಲು ಕಂಡಿದ್ದು ಆಂಟಿಗೆ. ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಬಂತು ಬಂತು!" ಎಂದು ಕೂಗಿದರು. ಪಕ್ಕದ ಮನೆಯವರು ಏನೋ ಎಂದು ಇಣುಕಿದರು. ಸಂಜೆ ಮೊಲ ತಾನಾಗಿಯೇ ಒಂದೆಳೆ ಹುಲ್ಲು ಎಳೆದುಕೊಂಡಿತು.

ಹೊರಡುವಾಗ ಆಂಟಿ ಗೂಡಿನ ಮುಂದೆ ಬಗ್ಗಿ, ಒಳಗಿದ್ದ ಸೊಪ್ಪನ್ನು ಮೂಸಿ, ಮುಖ ಸಿಂಡರಿಸಿದರು.

"ಬಾಡಿರೋ ಕೊತ್ತಂಬರಿ ಹಾಕಿದೀರಲ್ರೀ! ನಾಳೆ ನಾನೇ ತರ್ತೀನಿ. ಬೆಳಿಗ್ಗೆ ಮನೇಲಿರ್ತೀರ ತಾನೆ?"