ಟ್ರಂಕಿನಲ್ಲಿ ಸಿಕ್ಕ ಬೇಡಿ

ಅದನ್ನು ಬೇಡಿ ಎಂದು ಕರೆದವನು ನಾನೇ ಇರಬೇಕು. ಕರೆದದ್ದು ನನ್ನ ತಮ್ಮ ಎಂದು ನೆನಪು ಈಗಾಗಲೇ ತಿದ್ದಿಕೊಳ್ಳುತ್ತಿದೆ, ನಾನು ಅದನ್ನು ನಂಬುವುದಿಲ್ಲ. ಮಲಪ್ರಭೆಯ ನೆರೆ ಇಳಿದ ಮೇಲೆ ಕೊಣ್ಣೂರಿನ ಮನೆಯ ಟ್ರಂಕುಗಳನ್ನು ಅಂಗಳದಲ್ಲಿ ತೆರೆದು ಸಾಮಾನು ಒಣಹಾಕುತ್ತಿದ್ದೆವು. ಒಂದರಲ್ಲಿ ಎರಡು ಕಬ್ಬಿಣದ ಸರಳು ಸಿಕ್ಕವು, ನಡುವೆ ಕೀಲು, ಮೇಲೆ ಕೆಳಗೆ ಚರ್ಮದ ಪಟ್ಟಿ. ಏನಿರಬಹುದೆಂದು ಎಲ್ಲರೂ ಊಹಿಸತೊಡಗಿದೆವು. ಯಾರೋ ಮಗ್ಗದ ಭಾಗ ಎಂದರು.

"ಕಳ್ಳರ ಕಾಲಿಗೆ ಹಾಕೂ ಬೇಡಿ ಇದು! ನಮ್ಮ ಮನ್ಯಾಗ ಯಾವ ಕಳ್ಳ ಇದ್ದನೋ!" ಎಂದು ಅದನ್ನು ಎತ್ತಿ ಕುಣಿಸಿದೆ. ಎಲ್ಲರೂ ನಕ್ಕರು.

ನಮ್ಮ ಜೊತೆಗೇ ಇರುವ ಸುಶೀಲತ್ತೆ ಹಾಸಿಗೆ ಹರಡುತ್ತಿದ್ದವಳು ತಿರುಗಿದಳು. "ನಾನ ನೋಡಪಾ ಆ ಕಳ್ಳಿ. ಸಣ್ಣಾಕಿದ್ದಾಗ ಪೋಲಿಯೋ ಆಗಿತ್ತಲ್ಲ, ಕಾಲಿಗೆ ಇದನ್ನ ಕಟಗೊಂಡ ಸಾಲಿಗೆ ಹೋಗ್ತಿದ್ದೆ. ಕೊಡ ಇಲ್ಲೆ." ಇಸಿದುಕೊಂಡು, ಸೆರಗಿನಿಂದ ಕೆಸರು ಒರೆಸುತ್ತ ಒಳಗೆ ಹೋದಳು.

ಅತ್ತೆ ಕುಂಟುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವಳ ನಡಿಗೆಯೇ ಹಾಗೆ ಅಂದುಕೊಂಡಿದ್ದೆ, ಯಾಕೆಂದು ಕೇಳಿರಲಿಲ್ಲ. ಆವತ್ತು ಅವಳು ಒಳಗೆ ಹೋಗುವಾಗಲೂ ತಲೆ ತಗ್ಗಿಸಿಯೇ ನಿಂತಿದ್ದೆ. ಇಷ್ಟು ವರ್ಷ ನೋಡಿಯೂ, ಅವಳು ಅದನ್ನು ಕಟ್ಟಿಕೊಳ್ಳುತ್ತಿದ್ದದ್ದು ಎಡಗಾಲಿಗೋ ಬಲಗಾಲಿಗೋ, ನನಗೆ ಗೊತ್ತಿಲ್ಲ.