ಸರ್ವೋಗಳ ಡ್ರಿಲ್ ಮಾಸ್ತರು

ನನ್ನ ಮಾವನವರು ಸರ್ವೋ ಮೋಟಾರುಗಳಿಗೆ ಕೈ ಎತ್ತಿ ನಿಲ್ಲುವ ಶಿಕ್ಷೆ ಕೊಡುತ್ತಿದ್ದರು. ಹೇಳಿದಷ್ಟು ತಿರುಗಿ ಅಲ್ಲೇ ಬಿಗಿಯಾಗಿ ನಿಲ್ಲುವ, ಬೆಂಕಿಪೊಟ್ಟಣದಷ್ಟಿರುವ ಈ ಮೋಟಾರುಗಳು ರೋಬೋಟುಗಳ ಕೈಕಾಲು ಆಡಿಸುತ್ತವೆ. ಬ್ಯಾಡಗಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದ ಮಾವ, ಹಾವೇರಿಯ ಮನೆಯ ಕಿಟಕಿಕಟ್ಟೆಯ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ತೋಳಿಗೂ ಉಪ್ಪಿನ ಪಾಕೀಟು ನೇತುಹಾಕಿ, "ಅಲುಗ್ಯಾಡಬ್ಯಾಡ! ನಿನಗ ಹೇಳಾಕತ್ತೇನಿ!" ಎಂದು ಗದರುತ್ತಿದ್ದರು. ನಡುಗಿದ್ದು, ಬಿಸಿಯಾದದ್ದು, ಗುಂಯ್ ಎಂದು ಅತ್ತದ್ದು ನಪಾಸು. ಅಡುಗೆಗೆ ಉಪ್ಪು ಬೇಕಾದರೆ ಅತ್ತೆ ಪರೀಕ್ಷೆ ಮುಗಿಯುವವರೆಗೆ ಕಾಯಬೇಕು.

ಒಳಗಿನ ಗಿಯರು ಪ್ಲಾಸ್ಟಿಕ್ಕಿನದಾದರೆ ಪರೀಕ್ಷೆಗೂ ಕೂಡಿಸುತ್ತಿರಲಿಲ್ಲ. "ಇವಿನ್ನೂ ಹಾಲಹಲ್ಲು. ಗಟ್ಟಿ ಕಡಿಯೂದ ಬಂತಂದ್ರ ಉದುರತಾವ. ಲೋಹದ ಹಲ್ಲ ಬಂದಮ್ಯಾಲೆ ಬಾ ಅನ್ನು."

ಅವರ ಮಗಳು ರೇಖಾಳನ್ನು ನೋಡಲು ನಾನು ರಾಣೆಬೆನ್ನೂರಿನಿಂದ ಅಪ್ಪನೊಂದಿಗೆ ಹೋದ ದಿನ, ಬಾಗಿಲಲ್ಲಿ ಮಾವ ಸರ್ವೋ ಕೂಡಿಸಿ ಮಾಡಿದ ಗೊಂಬೆ ನಿಂತಿತ್ತು. ಬೀಜದ ಅಂಗಡಿ ನಡೆಸುವ ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಚಹಾ ತಣ್ಣಗಿತ್ತೆಂದು ಹಿಂದೊಂದು ಸಂಬಂಧವನ್ನೇ ಬಿಟ್ಟು ಎದ್ದು ಬಂದವನು. ನನಗೋ, ಫೋಟೋ ನೋಡಿದಾಗಿನಿಂದ ರೇಖಾಳೇ ಬೇಕು.

ಗೊಂಬೆ ಕೈ ಎತ್ತಿತು. ಹತ್ತಿರದಿಂದ ನೋಡೋಣವೆಂದು ಅಪ್ಪ ಬಗ್ಗಿದ. ಗೊಂಬೆ ನಮಸ್ಕಾರ ಮಾಡಿತು, ಅಪ್ಪನ ರುಮಾಲಿನ ಚುಂಗು ಅದರ ಅಂಗೈಗಳ ನಡುವೆ ಸಿಕ್ಕಿಬಿತ್ತು. ಎಳೆದರೂ ಬರಲೊಲ್ಲದು. ಈ ಸಂಬಂಧವೂ ಹೋಯಿತೆಂದುಕೊಂಡೆ. ಮಾವನ ಮುಖ ಮಾತ್ರ ಅರಳಿತು.

"ನೋಡ್ರಿ, ನೋಡ್ರಿ! ಬಿಡವಲ್ದು! ಫಸ್ಟ್ ಕ್ಲಾಸಿನ್ಯಾಗ ಪಾಸಾದ ಸರ್ವೋರೀ ಇವು!"

"ಅಪ್ಪಾ, ವೈರ್ ಕೀಳು!" ಒಳಗಿನಿಂದ ರೇಖಾ ಕೂಗಿದಳು.

"ತಡಿಯವಾ, ಎಷ್ಟೊತ್ತ ಹಿಡೀತಾವ ನೋಡೂಣು."

ಅಪ್ಪ ಇನ್ನೇನು ಗುಡುಗುತ್ತಾನೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ, ಬಗ್ಗಿದಲ್ಲೇ ಅವನ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು.

"ಇರ್ಲಿ ಬಿಡ್ರಿ ಮಾಸ್ತರ. ಬೀಗಂತೂ ಬಿದ್ದೈತಿ. ಇನ್ನ ಬೀಗರ ಆಗೂದ ಛಲೋ."

ಕೊನೆಗೆ ರೇಖಾಳೇ ಬಂದು ವೈರು ಕಿತ್ತಳು. ಚಹಾ ಆರಿಹೋಗಿತ್ತು. ಅಪ್ಪ ಎರಡು ಕಪ್ಪು ಕುಡಿದ.

ಹೋದ ವರ್ಷ ರೇಖಾ ಬಸುರಿಯಾಗಿದ್ದಾಗ ಮಾವ ನಮ್ಮ ಮನೆಗೆ ಬಂದು ತೊಟ್ಟಿಲಿಗೆ ಸರ್ವೋ ಕೂಡಿಸಿದರು.

"ಮಿಷನ್ ಯಾಕಪ್ಪಾ? ನೀನ ಬಂದು ತೂಗು," ಎಂದಳು ಅವಳು.

"ನಾ ಬಂದ್ರ ಕೂಸಿಗೆ ನಿದ್ದಿ ಎಲ್ಲೀದವಾ? ಮಾತಾಡಿಸಿ ಮಾತಾಡಿಸಿ ಎಬ್ಬಿಸ್ತೇನಿ," ಎಂದು ನಕ್ಕರು.

ಅದೇ ಕೊನೆಯ ಭೇಟಿ. ಕೂಸು ಹುಟ್ಟುವ ಮೊದಲೇ ಮಾವ ತೀರಿಕೊಂಡರು.

ಮಗಳು ಈಗ ಆ ತೊಟ್ಟಿಲಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತಾಳೆ. ಎಬ್ಬಿಸುವವರು ಯಾರೂ ಇಲ್ಲ.