ದೀಪ ಹಚ್ಚಿದ ಮೇಲೆ ಡೇಟಾ ಕೊಡಬಾರದು

ಗೋವಾದ ಕೊರ್ತಾಲಿಮ್‌ನ ಸೇತುವೆ ಹತ್ತಿರದ ರಿಚಾರ್ಜ್ ಅಂಗಡಿಯಾತ ನಮ್ಮ ಕಡೆಯವನೇ. ಆಗೆಲ್ಲ ನಾನು ಹೋದರೆ ಸಾಕು, "ಯಾವುದು ಹಾಕ್ಲಿ ಅಕ್ಕಾರ, ಲಿಮಿಟೆಡ್ಡೋ, ಅನ್‌ಲಿಮಿಟೆಡ್ಡೋ?" ಎಂದು ಕೇಳುತ್ತಿದ್ದ. ಲಿಮಿಟೆಡ್ ಎಂದರೆ ದಿನಕ್ಕೆ ಇಷ್ಟೇ ಎಂದು ಅಳೆದು ಕೊಡುವ ಡೇಟಾ. ಅದು ಮುಗಿದರೆ ಮರುದಿನದವರೆಗೆ ಫೋನು ತೆವಳುತ್ತದೆ. ಅನ್‌ಲಿಮಿಟೆಡ್‌ಗೆ ಅಳತೆಯಿಲ್ಲ, ಆದರೆ ದುಬಾರಿ. ನನ್ನ ಗಂಡನ ಉತ್ತರ ಸದಾ ಸಿದ್ಧ: "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು. ಮಾತಾಡಾಕಂತೂ ಎಲ್ಲಾದ್ರಾಗೂ ಪುಕ್ಕಟೆ ಐತಿ. ಎಷ್ಟ್ ಬೇಕಾರ ಮಾತಾಡು."

ನನಗೆ ಸಿಟ್ಟು ಬರುತ್ತಿದ್ದುದು ಆ ಮಾತಿಗೇ. ನನ್ನ ತಂಗಿ ಬಾಯಿಂದ ಮಾತಾಡುವುದಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅದು ಯಾವ ಶಾಲೆಯಲ್ಲೂ ಕಲಿಸುವ ಸನ್ನೆಯಲ್ಲ. ನಾವು ಸಣ್ಣವರಿದ್ದಾಗ ಅಪ್ಪ ಅವ್ವ ಬಿಲ್ಡಿಂಗ್ ಕೆಲಸಕ್ಕೆ ಹೋದರೆ, ನಾವಿಬ್ಬರು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕೂತು ಕಟ್ಟಿಕೊಂಡ ಭಾಷೆ. ಮೂಗು ಮುಟ್ಟಿದರೆ ನಾನು, ಮೂಗುಬೊಟ್ಟಿನವಳು. ಮೀಸೆ ತಿರುವಿದರೆ ಅವಳ ಗಂಡ. ಎರಡೂ ಕೈಯಿಂದ ಗುಡಾಣದಂಥ ಹೊಟ್ಟೆ ತೋರಿಸಿದರೆ ನನ್ನ ಗಂಡ. ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ ತೋರಿಸಿದರೆ, ಹೆದರಬೇಡ, ನಾನಿದ್ದೇನೆ.

ಮದುವೆಯಾಗಿ ಅವಳು ಮಡ್ಕಯಿಗೆ ಹೋದಳು. ಗಂಡನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಬಂಗಾರದಂಥ ಮನುಷ್ಯ, ಆದರೆ ಅವನ ಕೈ ಇನ್ನೂ ಅಂಗನವಾಡಿಯಲ್ಲೇ ಇತ್ತು: ಊಟ, ನೀರು, ನಿದ್ದೆಯಿಂದ ಮುಂದಕ್ಕೆ ಹೋಗಿರಲಿಲ್ಲ. ಹೀಗಾಗಿ ಮನಸ್ಸಿನ ಮಾತಿಗೆ ಅವಳಿಗೆ ನಾನು, ನನಗೆ ಅವಳು. ಫ್ಲ್ಯಾಟುಗಳ ಕಸ-ಮುಸುರೆ ಮುಗಿಸಿ ನಾನು ಮನೆಗೆ ಬಂದ ಮೇಲೆ ದಿನಾ ಸಂಜೆ ವಿಡಿಯೋ ಕಾಲ್. ಬಾಯಿ ಇದ್ದವರು ದಿನವಿಡೀ ಹರಟಿದರೂ ಪುಕ್ಕಟೆ, ಕೈಯಿಂದ ಮಾತಾಡುವವಳಿಗೆ ಮಾತ್ರ ಗೌಳಿ ಹಾಲು ಕೊಟ್ಟ ಹಾಗೆ ಅಳೆದು ಕೊಡುವುದು. ಇದು ಯಾವ ನ್ಯಾಯ ಎಂದು ಅಂಗಡಿಯಾತನನ್ನು ಕೇಳಿದ್ದೆ.

ಆ ಅಳತೆಯ ಡೇಟಾವಾದರೂ ನನಗೆ ಪೂರ್ತಿ ಉಳಿಯುತ್ತಿತ್ತೇ? ನಮ್ಮದು ಗೋಡೆಗೆ ಗೋಡೆ ಅಂಟಿದ ಖೋಲಿಗಳ ಸಾಲು. ಒಬ್ಬರ ಮನೆಯ ಮೊಸರು ಕೆಟ್ಟರೆ ಇನ್ನೊಬ್ಬರ ಮನೆಯ ಹೆಪ್ಪು. ಅದೇ ರೂಢಿ ಫೋನಿಗೂ ಬಂದಿತ್ತು. ಪಕ್ಕದ ಮನೆಯ ಅಕ್ಕ, ಬಾಗಲಕೋಟೆ ಕಡೆಯವಳು, ಒಂದು ಕೈಯಲ್ಲಿ ಹೆಪ್ಪಿನ ಬಟ್ಟಲು, ಇನ್ನೊಂದರಲ್ಲಿ ಫೋನು ಹಿಡಿದೇ ಬರುತ್ತಿದ್ದಳು. "ಸ್ವಲ್ಪ ಹಾಟ್‌ಸ್ಪಾಟ್ ಬಿಡವ್ವಾ, ಧಾರಾವಾಹಿ ಅರ್ಧಕ್ಕ ನಿಂತೈತಿ." ಹೆಪ್ಪಿಗೆ ಇಲ್ಲ ಎನ್ನುವುದುಂಟೇ? ಬಿಡುತ್ತಿದ್ದೆ.

ತಂಗಿ ಬಸುರಿಯಾದ ಮೇಲೆ ಒಂದು ಸಂಜೆ ಏನನ್ನೋ ಹೇಳುತ್ತಿದ್ದವಳು ಹೊಟ್ಟೆಯ ಮೇಲೆ ಕೈ ಇಟ್ಟು, ಬಾಯಿ ತೆರೆದು, ಹಾಗೇ ನಿಂತುಬಿಟ್ಟಳು. ಡೇಟಾ ಮುಗಿದಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅವಳ ಗಂಡನಿಗೆ ಫೋನ್ ಮಾಡಿದರೆ, "ಕೂಸು ಒದ್ದೈತಂತ್ರಿ, ನಗಾಕತ್ತಾಳ" ಎಂದ. ಸಮಾಧಾನವಾಯಿತು, ಸಿಟ್ಟೂ ಬಂತು. ಕೂಸು ಮೊದಲ ಸಲ ಒದ್ದದ್ದನ್ನು ಅವಳು ನನಗೆ ಹೇಳಬೇಕಿತ್ತು, ಅದು ಅವನ ಬಾಯಿಂದ ಬಂತು.

ಆ ತಿಂಗಳೂ ಗಂಡನ ಹಾಸಿಗೆ-ಕಾಲಿನ ಗಾದೆಯೇ ಗೆದ್ದಿತು, ಲಿಮಿಟೆಡ್ಡೇ ಹಾಕಿಸಿದೆವು. ಇನ್ನು ಉಳಿದದ್ದು ನನ್ನ ಬುದ್ಧಿ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು, ಉಪ್ಪು ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ ಎನ್ನುವುದು ನಮ್ಮ ಸಾಲಿನವರೆಲ್ಲ ಒಪ್ಪಿದ ಮಾತು. ಅದಕ್ಕೆ ನಾನು ಡೇಟಾವನ್ನೂ ಸೇರಿಸಿದೆ.

"ಇದ್ಯಾವ ಶಾಸ್ತ್ರದಾಗ ಐತಿ?" ಎಂದು ಅಕ್ಕ ಕಣ್ಣು ಕಿಸಿದಳು.

"ಹೆಪ್ಪಿನ ಶಾಸ್ತ್ರದಾಗ ಐತಿ ಅಕ್ಕಾ. ಕೊಟ್ಟರ ಖಾಲಿ ಆಕ್ಕೈತಿ, ಅದಕ್ಕ."

ಅವಳು ಫೋನು ಹಿಡಿದು ಹಾಗೇ ವಾಪಸು ಹೋದಳು. ನೋಡನೋಡುತ್ತ ಇಡೀ ಸಾಲು ಆ ಕಾಯಿದೆಯನ್ನು ಹಿಡಿಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ದಿನ ತುಂಬುವ ಮೊದಲೇ ತಂಗಿಗೆ ನೋವು ಬಂತು. ಮಧ್ಯಾಹ್ನದಿಂದ ಅವಳು ನನ್ನನ್ನು ಬಿಡಲೇ ಇಲ್ಲ. ನೋವು ಬಂದಾಗ ಕೈ, ಹೋದಾಗ ಕೈ, ಫೋನಿನ ತುಂಬ ಕೈಯೇ. ಅವಳ ಗಂಡ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದ. ನನ್ನ ಗಂಡ ಕುಂಡಯಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿಯಲ್ಲಿದ್ದ. ಅವನು ರಜೆ ಕೇಳಿ ಬೈಕ್ ತಂದ ಮೇಲೆಯೇ ನಾನು ಹೊರಡಬೇಕು. ಸಂಜೆ ಅವಳ ಗಂಡ ಮತ್ತೆ ವಿಡಿಯೋ ಹಚ್ಚಿದ. "ಅಕ್ಕಾರ, ನರ್ಸಬಾಯಿನ್ನ ಹತ್ರ ಬರಗೊಡವಲ್ಲಳ್ರಿ. ಹೊಟ್ಟಿ ಮುಟ್ಟಿದ್ರ ಒದರ್ತಾಳ. ನೀವ ಹೇಳ್ರಿ." ನಾನು ಮುಷ್ಟಿ ಎತ್ತುವಷ್ಟರಲ್ಲಿ ಚಿತ್ರ ನಿಂತಿತು. ಆ ದಿನದ ಡೇಟಾವನ್ನೆಲ್ಲ ನಾವಿಬ್ಬರೇ ಕುಡಿದು ಮುಗಿಸಿದ್ದೆವು.

ಕಿವಿ ಕೇಳದವಳಿಗೆ ನಾನು "ಹಲೋ, ಹಲೋ" ಎಂದು ಕಿರುಚಿದೆ. ಹೆಚ್ಚಿನ ಪ್ಯಾಕ್ ಹಾಕಿಸಲು ಅಂಗಡಿಯವರೆಗೆ ಓಡಬೇಕು, ಅಷ್ಟು ಹೊತ್ತು ಅವಳು ಒಬ್ಬಳೇ. ಗೋಡೆಯಾಚೆಯಿಂದ ನನ್ನ ಕೂಗು ಕೇಳಿ ಅಕ್ಕ ಬಾಗಿಲಿಗೆ ಬಂದು, "ಏನಾತವ್ವಾ?" ಎಂದಳು. ಹೇಳಿದೆ. ಹಾಟ್‌ಸ್ಪಾಟ್ ಕೊಡು ಎನ್ನಲು ಮಾತ್ರ ನಾಲಗೆ ಏಳಲಿಲ್ಲ. ದೀಪ ಹಚ್ಚಿಯಾಗಿತ್ತು, ಕಾಯಿದೆ ನನ್ನದೇ.

ಅಕ್ಕ ಬಾಗಿಲಿನಿಂದಲೇ ತಿರುಗಿ ಹೋದಳು. ಸೇಡು ತೀರಿಸಿಕೊಂಡಳು ಎಂದುಕೊಂಡೆ. ಅಷ್ಟರಲ್ಲಿ ಅವಳ ಮನೆಯ ಲೈಟು ಆರಿತು. ಕತ್ತಲೊಳಗಿಂದ ದನಿ ಬಂತು: "ನಮ್ಮ ಮನ್ಯಾಗ ಇನ್ನೂ ದೀಪಾ ಹಚ್ಚಿಲ್ಲ ನೋಡವ್ವಾ. ದೇವರ ಮುಂದಿನ ದೀಪಕ್ಕೂ ತಾಟು ಅಡ್ಡ ಇಟ್ಟೇನಿ. ಹಾಟ್‌ಸ್ಪಾಟ್ ಬಿಟ್ಟೇನಿ, ಲಗೂನ ಹಚ್ಚಿಗೋ."

ನಮ್ಮ ಮನೆಯ ಬಲ್ಬಿನ ಕೆಳಗೆ ನಿಂತು ಮತ್ತೆ ವಿಡಿಯೋ ಹಚ್ಚಿದೆ. ತಂಗಿ ಮಂಚದ ಮೂಲೆಗೆ ಸರಿದು ಮುದುಡಿ ಕೂತಿದ್ದಳು. ನರ್ಸಬಾಯಿ ಕೊಂಕಣಿಯಲ್ಲಿ ಕೇಳುವುದು, ನಾನು ಕೈಯಲ್ಲಿ ಹೇಳುವುದು. ತಂಗಿ ಕೈಯಲ್ಲಿ ಹೇಳುವುದು, ನಾನು ನನ್ನ ಅರ್ಧಂಬರ್ಧ ಕೊಂಕಣಿಯಲ್ಲಿ ಒಪ್ಪಿಸುವುದು. ಅವಳು ಹೆದರಿದ್ದು ನೋವಿಗಲ್ಲ. ಎಲ್ಲರ ಬಾಯಿ ಅಲುಗುತ್ತಿತ್ತು, ಒಬ್ಬರೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ಕೂಸಿಗೆ ಏನೋ ಆಗಿದೆ, ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡಿದ್ದಳು. ಕೂಸು ಚಲೋ ಇದೆ, ಹೊರಗೆ ಬರುವ ಅವಸರದಲ್ಲಿದೆ ಎಂದು ತಿಳಿಸಿದೆ. ಅವಳು ಹೆಬ್ಬೆರಳು ಮುಚ್ಚಿ ಮುಷ್ಟಿ ತೋರಿಸಿದಳು. ನಾನೂ ತೋರಿಸಿದೆ. ಆಮೇಲೆ ತಾನೇ ಕಾಲು ಚಾಚಿ ಮಲಗಿದಳು. ನರ್ಸಬಾಯಿ ಅವಳನ್ನು ಒಳಗೆ ಕರೆದೊಯ್ದಳು.

ಗಂಡನ ಬೈಕಿನ ಸಪ್ಪಳ ಕೇಳಿ ಹೊರಗೆ ಬಂದೆ. ಪಕ್ಕದ ಮನೆ ಇನ್ನೂ ಕತ್ತಲು. ಅಕ್ಕ ಗ್ಯಾಸಿನ ಉರಿಯ ಬೆಳಕಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಮೊಮ್ಮಕ್ಕಳು ಸುತ್ತ ಸುಮ್ಮನೆ ಕೂತಿದ್ದವು. ನನ್ನ ನೆರಳು ಕಂಡು ಕೈ ತಡೆದಳು.

"ಮುಗೀತೇನವ್ವಾ ಮಾತು? ದೀಪಾ ಹಚ್ಚಲ್ಯಾ?"

ಅಲ್ಲೇ ನಿಂತು ಅತ್ತುಬಿಟ್ಟೆ.

ಹೆಣ್ಣುಕೂಸು, ಇಬ್ಬರೂ ಕ್ಷೇಮ. ಮರುದಿನ ನನ್ನ ಗಂಡ ಯಾವ ಗಾದೆಯನ್ನೂ ಹೇಳದೆ ತಾನೇ ಅಂಗಡಿಗೆ ಹೋಗಿ ಅನ್‌ಲಿಮಿಟೆಡ್ ಹಾಕಿಸಿಕೊಂಡು ಬಂದ. ಈಗ ದೀಪ ಹಚ್ಚಿದ ಮೇಲೆ ಅಕ್ಕ ಬಟ್ಟಲು ಹಿಡಿದು ಬಂದರೂ ಸರಿ, ಫೋನು ಹಿಡಿದು ಬಂದರೂ ಸರಿ, ನಾನು ಮೊದಲು ಎದ್ದು ನಮ್ಮ ಮನೆಯ ಲೈಟು ಆರಿಸುತ್ತೇನೆ.